ಮುಕ್ಕಾಲು ಲೀಟರು

ಗೀಸರು ರಿಪೇರಿ ನನ್ನ ಕಸುಬು. ಸಕಲೇಶಪುರದಲ್ಲಿ
ಯಾರ ಬಚ್ಚಲಲ್ಲಿ ಎಷ್ಟು ಹೊತ್ತಿಗೆ ನೀರು ಕಾಯುತ್ತದೆ,
ಯಾರು ತಣ್ಣೀರಲ್ಲೇ ಮುಗಿಸಿ ಬಂದು
ಬಿಸಿನೀರಿನ ಮಾತಾಡುತ್ತಾರೆ, ನನಗೆ ಗೊತ್ತು.

ಜೆಸಿಂತಾ ಬಾಯಿಯ ಹೊಲಿಗೆ ಕ್ಲಾಸಿನ ಹಿಂದೆ
ಹದಿನೈದು ಲೀಟರಿನ ಡಬ್ಬ ಸುಟ್ಟು ಮೂರು ವಾರ.
ಕಾಯಿಲು ಹಾಸನದಿಂದ ಬರಬೇಕು ಎಂದೆ.
ಹುಡುಗಿಯರ ಹನ್ನೊಂದು ಮಿಷನ್ನು ಒಟ್ಟಿಗೆ ನಿಂತ ಗಳಿಗೆಯಲ್ಲಿ
ಅವರು ಅಂದದ್ದು: "ಅದ್ರಾಮಾ, ಕಾಯಿಲೇ ಇಲ್ಲದೆ ಕಾಯುವ ನೀರು
ನಾನು ನೋಡಿದ್ದೇನೆ. ಬಿಸ್ಲೆ ಕಡೆ. ಹತ್ತೊಂಬತ್ತರಲ್ಲಿ."
ಹತ್ತೊಂಬತ್ತು ಅಂದರೆ ವಯಸ್ಸೋ ತಾರೀಖೋ
ಕೇಳಲಿಲ್ಲ. ಹುಡುಗಿಯರು ನಕ್ಕರು.

ಭಾನುವಾರ ಹೋದೆ. ಟೆಸ್ಟರು ಕಿಸೆಯಲ್ಲೇ ಇತ್ತು, ಅಭ್ಯಾಸ.
ಹೂವಯ್ಯ ಮುಂದೆ. ಅವನಜ್ಜ ಏಲಕ್ಕಿ ಕಾಡು ಕಾದವನು,
ಇವನು ಫಾರೆಸ್ಟಿನ ದಿನಗೂಲಿ ವಾಚರು.
ಆಡಿದ ಮಾತು ಎರಡೇ: "ಸೋಪು ತಂದಿಲ್ಲ ತಾನೆ?"
ಮತ್ತೆ, ದಾರಿ ಕವಲೊಡೆದಲ್ಲಿ, "ಈ ತಿರುವು ಮರೀಬೇಕು ನೀವು."
ಮರೆತಿದ್ದೇನೆ. ವಾಟೆ ಮೆಳೆ, ಬಿದ್ದ ಧೂಪದ ಮರ,
ಸುಣ್ಣ ಹಚ್ಚಿದ ಪಾದಕ್ಕೂ ಹತ್ತಿದ ಇಂಬಳ.
ಇಷ್ಟು ಹೇಳಿದರೆ ಯಾರಿಗೂ ದಾರಿ ಸಿಗದು.

ಒಂದು ಕಡೆ ಹಬೆ ಕಂಡು "ಬಂತು!" ಎಂದು ಓಡಿದೆ.
ಹೂವಯ್ಯ ಕಾಲರು ಹಿಡಿದು ಜಗ್ಗಿದ.
ಆನೆಯ ಲದ್ದಿ. ಈಗಷ್ಟೇ ಹಾಕಿದ್ದು.
ಅರ್ಧ ಗಂಟೆ ಇಬ್ಬರೂ ಬೈನೆ ಮರದ ಹಿಂದೆ
ಉಗುಳೂ ನುಂಗದೆ ನಿಂತೆವು.

ಹೊಂಡ ಅಂದರೆ ಏನಿಲ್ಲ. ಬಂಡೆಯ ಕಂಕುಳಲ್ಲಿ
ಎಮ್ಮೆ ಮಲಗಿ ಎದ್ದುಹೋದಷ್ಟು ತಗ್ಗು.
ಮೆಟ್ಟಿಲಿಲ್ಲ, ಕಟ್ಟೆಯಿಲ್ಲ, ಕುಂಕುಮದ ಕಲ್ಲಿಲ್ಲ,
ಯಾರೂ ಹೆಸರು ಕೆತ್ತಿಲ್ಲ. ತರಗೆಲೆ ಸರಿಸಿದರೆ
ತಳದಿಂದ ಗುಳ್ಳೆ, ಒಂದೊಂದೇ,
ಹೇಳಲೋ ಬೇಡವೋ ಎನ್ನುವ ಹಾಗೆ.
ಕೊಳೆತ ಮೊಟ್ಟೆಯ ವಾಸನೆ.
ಅಂಚಿನ ಕಲ್ಲಿಗೆ ಉಗುರು ಹಾಕಿದೆ, ಬಿಳಿ ಪೊರೆ ಎದ್ದಿತು.
ಇಪ್ಪತ್ತೆರಡು ವರ್ಷದಿಂದ ಸ್ಕ್ರೂಡ್ರೈವರಿನಲ್ಲಿ
ಊರಿನ ಕಾಯಿಲುಗಳಿಂದ ಕೆರೆದು ಬಿಸಾಡುವ ಅದೇ ಪೊರೆ.
ಓ, ನಿನಗೂ ಕಟ್ಟುತ್ತದಾ ಎಂದೆ. ಗಟ್ಟಿಯಾಗಿಯೇ ಎಂದೆ.
ಬೀಡಿ ಹಚ್ಚುತ್ತಿದ್ದ ಹೂವಯ್ಯ ತಿರುಗಿ ನೋಡಿದ.

ಇಳಿದೆ. ಮೊಣಕಾಲಿಗೆ ಬೆಚ್ಚಗೆ, ಸೊಂಟಕ್ಕೆ ಬಿಸಿ,
ಬೆನ್ನಿಗೆ ತಾಗಿದ ಬಂಡೆ ಮಾತ್ರ ತಣ್ಣಗೆ,
ಎಲೆಗಳಿಂದ ನೆತ್ತಿಗೆ ತೊಟ್ಟಿಕ್ಕುವ ಚಳಿ.
ಮೀಟರು ಓಡದ ಬಿಸಿ. ಟ್ರಿಪ್ ಆಗದ ಬಿಸಿ.
ಫೋನು ಮಾಡಿ "ಯಾವಾಗ ಬರ್ತೀಯಾ" ಎಂದು
ಯಾರೂ ಬೈಯದ ಬಿಸಿ.
ಶಾಕು ಹೊಡೆದ ಎರಡು ಬೆರಳು
ಜುಮ್ಮೆನ್ನುವುದನ್ನು ಸ್ವಲ್ಪ ಹೊತ್ತು ಬಿಟ್ಟಿದ್ದವು.
ಇಳಿಯುವಾಗ ಬಿಸ್ಮಿಲ್ಲಾ ಅನ್ನಲು ಮರೆತಿದ್ದೆ,
ಆಗ ಅಂದೆ.

ಬರುವಾಗ ಫ್ಲಾಸ್ಕು ತುಂಬಿದೆ. ಮುಕ್ಕಾಲು ಲೀಟರು.
"ಊರು ಸೇರಿದ್ರೆ ಬರೀ ನೀರಾಗತ್ತೆ" ಎಂದ ಹೂವಯ್ಯ,
ತಡೆಯಲಿಲ್ಲ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತೆ,
ಇವತ್ತೇ ವಾರಂಟಿ ಮುಗಿಯುವ ಸಾಮಾನಿನ ಹಾಗೆ.

ದೀಪ ಹಚ್ಚುವ ಹೊತ್ತಿಗೆ ಜೆಸಿಂತಾ ಬಾಯಿ ಬಾಗಿಲಲ್ಲಿ.
ಮುಚ್ಚಳ ತಿರುಗಿಸಿ ಮೂಸಿದರು. ಮುಖ ಕಿವುಚಿದರು.
"ಇದೇ" ಎಂದರು. ಆಮೇಲೆ ಪ್ಲಾಸ್ಟಿಕ್ ಟಬ್ಬು ಎಳೆದು
ಬಲಗಾಲಿನ ಮೇಲೆ, ನಲವತ್ತು ವರ್ಷ
ಪೆಡಲು ತುಳಿದು ಮುಂದಕ್ಕೆ ಬಾಗಿದ ಆ ಪಾದದ ಮೇಲೆ
ನಿಧಾನ ಸುರಿದುಕೊಂಡರು, ಪೂರ್ತಿ.
ಎಡಗಾಲು ಪಕ್ಕದಲ್ಲಿ ಒಣಗಿ ಕಾಯುತ್ತಿತ್ತು.
"ಅದಕ್ಕೆ?" ಎಂದೆ.
"ಅದೇನು ಕೆಲಸ ಮಾಡಿದೆ ಅಂತ" ಎಂದರು.

ವಿಸಿಟಿಂಗ್ ಚಾರ್ಜು ನೂರೈವತ್ತು ಕೊಟ್ಟರು. ತೆಗೆದುಕೊಂಡೆ.
ಕಾಯಿಲು ಗುರುವಾರ ಬರಬಹುದು.